ಓಪನ್-ಇನ್-ವ್ಯೂ ಆಫ್ ಮಾಡಿದೆ, 14 ಸ್ಕ್ರೀನ್ ಬಿದ್ದವು. ಈಗೇನು ಮಾಡಲಿ?

ಪ್ರಶ್ನೆ: ಸರ್, ನಮ್ಮದು ಐದು ಜನರ ಸಣ್ಣ ಟೀಮ್. ಹಾಲು ಉತ್ಪಾದಕರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಜಾವಾದ ಸ್ಪ್ರಿಂಗ್ ಬೂಟ್, ಟೇಬಲ್ ಸಾಲುಗಳನ್ನು ಜಾವಾ ಆಬ್ಜೆಕ್ಟ್ ಮಾಡಿಕೊಡುವ ಹೈಬರ್ನೇಟ್, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್ ಬಳಸುತ್ತೇವೆ. ಆ್ಯಪ್ ಶುರುವಾಗುವಾಗ ಲಾಗ್‌ನಲ್ಲಿ ಓಪನ್-ಇನ್-ವ್ಯೂ ಅನ್ನೋ ಸೆಟ್ಟಿಂಗ್ ಬಗ್ಗೆ ಒಂದು ವಾರ್ನಿಂಗ್ ಬರುತ್ತಿತ್ತು. ಆಫ್ ಮಾಡುವುದೇ ಒಳ್ಳೆಯದು ಅಂತ ಎಲ್ಲೋ ಓದಿ ಫಾಲ್ಸ್ ಮಾಡಿದೆ. ಮಾರನೇ ದಿನ 14 ಸ್ಕ್ರೀನ್‌ಗಳಲ್ಲಿ ಲೇಜಿ ಇನಿಶಿಯಲೈಸೇಶನ್ ಎಕ್ಸೆಪ್ಶನ್ ಬಂತು. ಗಾಬರಿಯಲ್ಲಿ ಎಲ್ಲ ಕಡೆ ಲೇಜಿ (ಬೇಕಾದಾಗ ತರುವುದು) ತೆಗೆದು ಈಗರ್ (ಮೊದಲೇ ತರುವುದು) ಹಾಕಿದೆ, ಬಟವಾಡೆ ಪಟ್ಟಿ ತೆರೆಯೋಕೆ ಒಂದು ನಿಮಿಷ ಹಿಡಿಯಿತು. ಮತ್ತೆ ಲೇಜಿಗೆ ಬಂದು, 'ಎನೇಬಲ್ ಲೇಜಿ ಲೋಡ್ ನೋ ಟ್ರಾನ್ಸ್' ಅನ್ನೋ ಸೆಟ್ಟಿಂಗ್ ಹಾಕಿದೆ. ಎಲ್ಲ ಸರಿಹೋಯಿತು ಅಂದುಕೊಂಡೆ. ಈಗ ಬೆಳಿಗ್ಗೆ ಸರಿಯಾಗಿ ಹಾಲು ಹಾಕುವ ಹೊತ್ತಿಗೆ, ಕನೆಕ್ಷನ್ ಸಿಗುತ್ತಿಲ್ಲ, 30000 ಮಿಲಿಸೆಕೆಂಡ್ ಕಾದೆ ಅಂತ ಹಿಕಾರಿ (ಡೇಟಾಬೇಸ್ ಕನೆಕ್ಷನ್‌ಗಳ ಪೂಲ್ ನೋಡಿಕೊಳ್ಳುವ ಲೈಬ್ರರಿ) ಕೈ ಎತ್ತುತ್ತಿದೆ. ಪೂಲ್ ಅನ್ನು 10ರಿಂದ 100ಕ್ಕೆ ಏರಿಸಿದೆ. ಎರಡು ದಿನ ಸುಮ್ಮನಿತ್ತು, ಮತ್ತೆ ಶುರುವಾಗಿದೆ. ನಮ್ಮ ಲೀಡ್ 'ಲೇಜಿ ಲೋಡಿಂಗೇ ದರಿದ್ರ, ಹೈಬರ್ನೇಟ್ ಕಿತ್ತು ನೇರವಾಗಿ ಎಸ್‌ಕ್ಯೂಎಲ್ ಬರೆಯೋಣ' ಅಂತಾರೆ. ಮೂರು ವರ್ಷದ ಕೋಡ್ ಇದೆ ಸರ್. ತಪ್ಪು ಎಲ್ಲಿದೆ?

ಉತ್ತರ: ಮೊದಲು ಒಂದು ಮಾತು. ನೀವು ಮಾಡಿದ ನಾಲ್ಕು ಕೆಲಸಗಳನ್ನೂ ನಾನೂ ಒಂದೊಂದು ಕಾಲದಲ್ಲಿ ಮಾಡಿದ್ದೇನೆ. ಇದೇ ಕ್ರಮದಲ್ಲಿ, ಇದೇ ಗಾಬರಿಯಲ್ಲಿ. ಹಾಗಾಗಿ ನಾಚಿಕೆ ಬೇಡ.

ನೀವು ಕೇಳಿರುವುದು ಒಂದೇ ಪ್ರಶ್ನೆಯ ಥರ ಕಾಣುತ್ತದೆ, ಆದರೆ ಒಳಗೆ ಎರಡಿವೆ. ಎಕ್ಸೆಪ್ಶನ್ ಯಾಕೆ ಬರುತ್ತಿದೆ ಅನ್ನುವುದು ಒಂದು. ಬೆಳಿಗ್ಗೆ ಕನೆಕ್ಷನ್ ಯಾಕೆ ಮುಗಿದುಹೋಗುತ್ತಿದೆ ಅನ್ನುವುದು ಇನ್ನೊಂದು. ಮೊದಲನೆಯದರ ಬಾಯಿ ಮುಚ್ಚಿಸಲು ಹೋಗಿ ಎರಡನೆಯದನ್ನು ತಂದುಕೊಂಡಿದ್ದೀರಿ.

ಮೊದಲನೆಯದು. ಸದಸ್ಯ ಎಂಟಿಟಿಯನ್ನು, ಅಂದರೆ ಒಬ್ಬ ಸದಸ್ಯನ ಸಾಲಿನ ಜಾವಾ ಆಬ್ಜೆಕ್ಟನ್ನು, ಡೇಟಾಬೇಸ್‌ನಿಂದ ತಂದಾಗ ಅದರೊಳಗಿನ ಹಾಲಿನ ಎಂಟ್ರಿಗಳ ಪಟ್ಟಿ ಬಂದಿರುವುದಿಲ್ಲ. ಅದರ ಜಾಗದಲ್ಲಿ ಹೈಬರ್ನೇಟ್ ಒಂದು ಖಾಲಿ ಕವರ್ ಇಟ್ಟಿರುತ್ತದೆ, ಮೇಲೆ ಬರೀ ವಿಳಾಸ ಬರೆದಿರುತ್ತದೆ. ನೀವು ಕವರ್ ತೆರೆದ ಕ್ಷಣ ಯಾರೋ ಆ ವಿಳಾಸಕ್ಕೆ ಓಡಿ ಮಾಲು ತರಬೇಕು. ಆ ಓಡುವವನೇ ಸೆಷನ್. ಸರ್ವಿಸ್ ಮೆಥಡ್ ಮುಗಿದು ಟ್ರಾನ್ಸಾಕ್ಷನ್ ಮುಚ್ಚಿದರೆ ಅವನು ಮನೆಗೆ ಹೋದ ಹಾಗೆ. ಆಮೇಲೆ ಕಂಟ್ರೋಲರ್‌ನಲ್ಲೋ, ಜೇಸನ್ ಮಾಡುವಾಗಲೋ ಕವರ್ ತೆರೆದರೆ 'ನೋ ಸೆಷನ್' ಅನ್ನುವ ಬೈಗುಳ ಬರುತ್ತದೆ. ಇಷ್ಟೇ ವಿಷಯ. ಡೇಟಾ ಹಾಳಾಗಿಲ್ಲ, ಹೈಬರ್ನೇಟ್ ಕೆಟ್ಟಿಲ್ಲ. ಈ ಸ್ಕ್ರೀನ್‌ಗೆ ಏನೇನು ಬೇಕು ಅಂತ ಕ್ವೆರಿ ಬರೆಯುವಾಗ ಯಾರೂ ತೀರ್ಮಾನ ಮಾಡಿರಲಿಲ್ಲ, ಅದನ್ನೇ ಅದು ಹೇಳುತ್ತಿದೆ.

ಓಪನ್-ಇನ್-ವ್ಯೂ ಈ ಓಡುವವನನ್ನು ರಿಕ್ವೆಸ್ಟ್ ಮುಗಿಯುವ ತನಕ ಮನೆಗೆ ಕಳಿಸುವುದಿಲ್ಲ. ಇದು ಕೆಟ್ಟ ಐಡಿಯಾ ಏನೂ ಅಲ್ಲ. ಹೈಬರ್ನೇಟ್ ಶುರುವಾದದ್ದು 2001ರಲ್ಲಿ. ಆಗ ಪುಟಗಳೆಲ್ಲ ಜೆಎಸ್‌ಪಿಯಲ್ಲಿ ಸರ್ವರ್ ಒಳಗೇ ತಯಾರಾಗುತ್ತಿದ್ದವು, ಟೆಂಪ್ಲೇಟ್ ಬರೆಯುವವರು ಏನನ್ನಾದರೂ ಮುಟ್ಟುತ್ತಿದ್ದರು, ಆ ಕಾಲಕ್ಕೆ ಇದು ಅನುಕೂಲವೇ. ಸ್ಪ್ರಿಂಗ್ ಬೂಟ್‌ನಲ್ಲಿ ಇದು ಇವತ್ತಿಗೂ ಡೀಫಾಲ್ಟ್ ಆಗಿ ಆನ್ ಇರುತ್ತದೆ. 2018ರಲ್ಲಿ ಬಂದ 2.0 ಆವೃತ್ತಿಯಿಂದ ಆ ವಾರ್ನಿಂಗ್ ಸೇರಿಸಿದರು. ಆದರೆ ಆ ವಾರ್ನಿಂಗ್ ನಿಮಗೆ 'ಆಫ್ ಮಾಡಿ' ಅಂತ ಹೇಳುವುದಿಲ್ಲ, ಗಮನಿಸಿ. ವ್ಯೂ ತಯಾರಾಗುವಾಗಲೂ ಕ್ವೆರಿ ಓಡಬಹುದು, ಆನೋ ಆಫೋ ನೀವೇ ಬರೆದು ಹೇಳಿ ಅನ್ನುತ್ತದೆ. ಟ್ರೂ ಅಂತ ಬರೆದರೂ ಅದು ಬಾಯಿ ಮುಚ್ಚುತ್ತದೆ.

ಹಾಗಾದರೆ ಆನ್ ಇಟ್ಟರೆ ನಷ್ಟ ಏನು? ಎರಡು ನಷ್ಟ, ಎರಡೂ ಕಣ್ಣಿಗೆ ಬೀಳದಂಥವು.

ಒಂದು ಕನೆಕ್ಷನ್. ಸ್ಪ್ರಿಂಗ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಸೆಷನ್ ಒಮ್ಮೆ ಕನೆಕ್ಷನ್ ತಗೊಂಡರೆ ತಾನು ಮುಚ್ಚುವವರೆಗೆ ಬಿಡುವುದಿಲ್ಲ. ಸೆಷನ್ ರಿಕ್ವೆಸ್ಟ್ ಪೂರ್ತಿ ಬದುಕಿದ್ದರೆ ಕನೆಕ್ಷನ್ನೂ ಅಷ್ಟು ಹೊತ್ತು ಹಿಡಿದೇ ಇರುತ್ತದೆ. ನಡುವೆ ನೀವು ಎಸ್ಸೆಮ್ಮೆಸ್ ಗೇಟ್‌ವೇಗೆ ಕರೆ ಮಾಡಿ ಎರಡು ಸೆಕೆಂಡ್ ಕಾದರೆ, ಆ ಎರಡು ಸೆಕೆಂಡ್ ಒಂದು ಕನೆಕ್ಷನ್ ಸುಮ್ನೆ ಕೂತಿರುತ್ತದೆ.

ಇನ್ನೊಂದು ನನ್ನದೇ ಗಾಯ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಗ್ರಾಹಕರ ಬ್ಯಾಂಕ್ ಖಾತೆ ಸಂಖ್ಯೆಯನ್ನು ಪೂರ್ತಿ ತೋರಿಸಬಾರದು ಅಂತ ಆದೇಶ ಬಂತು. ನಾನು ಕಂಟ್ರೋಲರ್‌ನಲ್ಲಿ, ಎಂಟಿಟಿಯ ಮೇಲೇ, ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದಕ್ಕೆಲ್ಲ ನಕ್ಷತ್ರ ತುಂಬಿದೆ. ತೋರಿಸೋಕೆ ಮಾತ್ರ ಅಲ್ವಾ, ಸೇವ್ ಎಲ್ಲೂ ಕರೆದಿಲ್ಲವಲ್ಲ ಅನ್ನೋ ಧೈರ್ಯ. ಆದರೆ ಅದರ ಕೆಳಗಿನ ಸಾಲಿನಲ್ಲಿ ಯಾರು ಈ ಪುಟ ನೋಡಿದರು ಅಂತ ಬರೆದಿಡುವ ಇನ್ನೊಂದು ಟ್ರಾನ್ಸಾಕ್ಷನಲ್ ಮೆಥಡ್ ಇತ್ತು. ಅದೇ ಸೆಷನ್, ಅದೇ ಎಂಟಿಟಿ, ಇನ್ನೂ ಹೈಬರ್ನೇಟ್ ಕಣ್ಗಾವಲಿನಲ್ಲೇ ಇದೆ. ಆ ಟ್ರಾನ್ಸಾಕ್ಷನ್ ಕಮಿಟ್ ಆಗುವಾಗ ನನ್ನ ನಕ್ಷತ್ರಗಳೂ ಜತೆಗೇ ಟೇಬಲ್‌ಗೆ ಹೋಗಿ ಕೂತವು. ಯಾರು ಯಾರ ಪುಟ ತೆರೆದಿದ್ದರೋ ಅವರ ಖಾತೆ ಸಂಖ್ಯೆಯೆಲ್ಲ ನಕ್ಷತ್ರ. ಹಣ ಕಳಿಸುವ ಫೈಲ್ ಬ್ಯಾಂಕಿನಿಂದ ವಾಪಸ್ ಬಂದಾಗಲೇ ಗೊತ್ತಾಗಿದ್ದು. ಬ್ಯಾಕಪ್ ತೆರೆದು ಒಂದೊಂದೇ ಹೊಂದಿಸೋಕೆ ಎರಡು ರಾತ್ರಿ ಹೋಯಿತು. ಓಪನ್-ಇನ್-ವ್ಯೂ ಆಫ್ ಇದ್ದು, ಸರ್ವಿಸ್ ಮುಗಿಯುತ್ತಲೇ ಸೆಷನ್ ಮುಚ್ಚಿದ್ದರೆ ಆ ಬದಲಾವಣೆ ಗಾಳಿಯಲ್ಲೇ ಉಳಿಯುತ್ತಿತ್ತು.

ಈಗ ನೀವು ಹಾಕಿದ ಮದ್ದುಗಳಿಗೆ ಬರುತ್ತೇನೆ.

ಈಗರ್. 'ಎರರ್ ಬಂದರೆ ಈಗರ್ ಮಾಡಿ' ಅನ್ನುವುದು ಈ ಕ್ಷೇತ್ರದ ದೊಡ್ಡ ಮೂಢನಂಬಿಕೆ. ಈಗರ್ ಅಂದರೆ 'ಒಂದೇ ಕ್ವೆರಿಯಲ್ಲಿ ತಾ' ಅಂತ ಅರ್ಥ ಅಲ್ಲ, 'ಹೇಗಾದರೂ ಸರಿ, ಈಗಲೇ ತಾ' ಅಂತ. ನೀವೇ ಬರೆದ ಕ್ವೆರಿಯಲ್ಲಿ ಜಾಯಿನ್ ಇಲ್ಲದಿದ್ದರೆ ಹೈಬರ್ನೇಟ್ ನಿಮ್ಮ ಕ್ವೆರಿ ಓಡಿಸಿ, ಆಮೇಲೆ ಒಬ್ಬೊಬ್ಬ ಸದಸ್ಯನಿಗೂ ಬೇರೆ ಬೇರೆ ಕ್ವೆರಿ ಕಳಿಸಿ ಪಟ್ಟಿ ತುಂಬಿಸುತ್ತದೆ. ನಿಮ್ಮ ಬಟವಾಡೆ ಸ್ಕ್ರೀನನ್ನೇ ಲೆಕ್ಕ ಹಾಕೋಣ. ಒಂದು ಸಂಘದಲ್ಲಿ 240 ಸದಸ್ಯರು ಅಂತಿಟ್ಟುಕೊಳ್ಳಿ. ಸದಸ್ಯರ ಪಟ್ಟಿಗೆ 1 ಕ್ವೆರಿ, ಎಂಟ್ರಿಗಳಿಗೆ 240. ಸದಸ್ಯನಿಗೆ ಬ್ಯಾಂಕ್ ಖಾತೆಯನ್ನು ಒನ್-ಟು-ಒನ್ ಆಗಿ ಜೋಡಿಸಿದ್ದೀರಾ? ಫಾರಿನ್ ಕೀ ಖಾತೆಯ ಟೇಬಲ್‌ನಲ್ಲಿದ್ದು, ಸದಸ್ಯನ ಕಡೆ ಬರೀ ಮ್ಯಾಪ್ಡ್-ಬೈ ಇದ್ದರೆ ಇನ್ನೂ 240. ಒಟ್ಟು 481. ಡೇಟಾಬೇಸ್ ಬೇರೆ ಮಶಿನ್‌ನಲ್ಲಿದ್ದು ಒಂದು ಕ್ವೆರಿಗೆ ಹೋಗಿ ಬರೋಕೆ 2 ಮಿಲಿಸೆಕೆಂಡ್ ಅಂದರೂ, ಬರೀ ಓಡಾಟಕ್ಕೇ ಸುಮಾರು ಒಂದು ಸೆಕೆಂಡ್ ಆಯಿತು. ಅದರ ಮೇಲೆ ಎಂಟ್ರಿಗೆ ಫ್ಯಾಟ್ ದರದ ಪಟ್ಟಿ, ದರದ ಪಟ್ಟಿಗೆ ಸಂಘ ಅಂತ ಎಲ್ಲವೂ ಈಗರ್ ಆಗಿ ಒಂದನ್ನೊಂದು ಎಳೆದುಕೊಂಡು ಬಂದರೆ ನಿಮ್ಮ ಒಂದು ನಿಮಿಷ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ.

ಆ ಒನ್-ಟು-ಒನ್ ವಿಷಯ ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಮ್ಯಾಪ್ಡ್-ಬೈ ಇರುವ ಕಡೆ ಲೇಜಿ ಅಂತ ಬರೆದರೂ ಅದು ಲೇಜಿ ಆಗುವುದಿಲ್ಲ. ಖಾತೆ ಇದೆಯೋ ಇಲ್ಲವೋ, ಕವರ್ ಇಡಬೇಕೋ ನಲ್ ಇಡಬೇಕೋ ಅಂತ ಸದಸ್ಯನ ಸಾಲು ನೋಡಿ ಹೈಬರ್ನೇಟ್‌ಗೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಹೋಗಿ ನೋಡಿಬರುತ್ತದೆ. ಬೈಟ್‌ಕೋಡ್ ಎನ್‌ಹಾನ್ಸ್‌ಮೆಂಟ್ (ಕಂಪೈಲ್ ಆದ ಕ್ಲಾಸನ್ನೇ ಹೈಬರ್ನೇಟ್ ತಿದ್ದುವುದು) ಇಲ್ಲದೆ ಇದನ್ನು ಲೇಜಿ ಮಾಡೋಕೆ ದಾರಿ ಇಲ್ಲ. ಸದಸ್ಯನ ಕಡೆಯಿಂದ ಆ ಫೀಲ್ಡ್ ತೆಗೆದುಹಾಕಿ, ಖಾತೆಯ ಕಡೆಯಿಂದ ಮಾತ್ರ ಇಟ್ಟುಕೊಳ್ಳುವುದು ನನಗೆ ಸುಲಭ ಅನಿಸಿದೆ. ಇನ್ನೊಂದು ವಿಚಿತ್ರ: ಹೈಬರ್ನೇಟ್ ತನ್ನದೇ ಮ್ಯಾಪಿಂಗ್‌ನಲ್ಲಿ ಮೆನಿ-ಟು-ಒನ್ ಅನ್ನು ಲೇಜಿ ಅಂತಲೇ ಇಟ್ಟಿತ್ತು, 2006ರಲ್ಲಿ ಬಂದ ಜಾವಾದ ಸ್ಟ್ಯಾಂಡರ್ಡ್ ಜೆಪಿಎ ಅದನ್ನು ಈಗರ್ ಮಾಡಿತು. ಆದ್ದರಿಂದ ನಿಮ್ಮ ಎಲ್ಲ ಮೆನಿ-ಟು-ಒನ್, ಒನ್-ಟು-ಒನ್ ಮೇಲೂ ಕೈಯಾರೆ ಲೇಜಿ ಬರೆಯಲೇಬೇಕು. ಬರೆಯದಿದ್ದರೆ ಈಗರ್ ಅಂತಲೇ ಅರ್ಥ.

ಇನ್ನು 'ನೋ ಟ್ರಾನ್ಸ್' ಸೆಟ್ಟಿಂಗ್. ನಿಮ್ಮ ಬೆಳಗಿನ ಕಾಟದ ಮೂಲ ಬಹುತೇಕ ಇಲ್ಲೇ ಇದೆ. ಸೆಷನ್ ಮುಚ್ಚಿದ ಮೇಲೆ ಕವರ್ ತೆರೆದರೆ ಇದು ಬೈಯುವುದಿಲ್ಲ. ಆ ಒಂದು ಕವರ್‌ಗೋಸ್ಕರ ಹೊಸ ಸೆಷನ್ ತೆರೆದು, ಪೂಲ್‌ನಿಂದ ಕನೆಕ್ಷನ್ ತಗೊಂಡು, ತಂದುಕೊಟ್ಟು, ಮುಚ್ಚುತ್ತದೆ. 240 ಕವರ್ ಇದ್ದರೆ 240 ಸಲ ಹೀಗೆ. ನಿಮ್ಮ ಸಂಘಗಳೆಲ್ಲ ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಒಟ್ಟಿಗೇ ಕೆಲಸ ಶುರು ಮಾಡುತ್ತವೆ, ಮಧ್ಯಾಹ್ನ ಪೂರ್ತಿ ನಿದ್ದೆ, ಮತ್ತೆ ಸಂಜೆ. ಅದಕ್ಕೇ ದಿನವೆಲ್ಲ ಚೆನ್ನಾಗಿದ್ದು ಆ ಹೊತ್ತಿಗೇ ಬೀಳುತ್ತದೆ. ಇನ್ನೂ ಕೆಟ್ಟದ್ದು ಏನಂದರೆ, ಒಂದು ಥ್ರೆಡ್ ತನ್ನ ಟ್ರಾನ್ಸಾಕ್ಷನ್‌ಗೆ ಒಂದು ಕನೆಕ್ಷನ್ ಹಿಡಿದುಕೊಂಡೇ, ಹಳೆಯ ಕವರ್ ತೆರೆಯೋಕೆ ಎರಡನೆಯದನ್ನು ಕೇಳಬಹುದು. ಹತ್ತು ಥ್ರೆಡ್ ಹತ್ತು ಕನೆಕ್ಷನ್ ಹಿಡಿದು, ಹತ್ತೂ ಜನ ಹನ್ನೊಂದನೆಯದಕ್ಕೆ ಕಾದರೆ ಯಾರಿಗೂ ಸಿಗುವುದಿಲ್ಲ. 30 ಸೆಕೆಂಡ್ ಆದ ಮೇಲೆ ಹಿಕಾರಿ ಕೈ ಎತ್ತುತ್ತದೆ. ರಿಕ್ವೈರ್ಸ್-ನ್ಯೂ (ಇದ್ದ ಟ್ರಾನ್ಸಾಕ್ಷನ್ ನಿಲ್ಲಿಸಿಟ್ಟು ಹೊಸದು ತೆರೆಯುವುದು) ಬಳಸಿದ ಮೆಥಡ್‌ಗಳೂ ಇದೇ ಆಟ ಆಡುತ್ತವೆ, ಅವನ್ನೂ ಒಮ್ಮೆ ಹುಡುಕಿ ನೋಡಿ.

ಜತೆಗೆ ಲೆಕ್ಕದ ತೊಂದರೆ. ಒಂದೊಂದು ಕವರ್ ಒಂದೊಂದು ಕ್ಷಣದಲ್ಲಿ ಓದಿದ್ದಾಗಿರುತ್ತದೆ. ನಡುವೆ ಕಾರ್ಯದರ್ಶಿ ಒಬ್ಬರ ಫ್ಯಾಟ್ ತಿದ್ದಿದರೆ ಮೇಲಿನ ಒಟ್ಟು ಮೊತ್ತ ಹಳೆಯದು, ಕೆಳಗಿನ ಎಂಟ್ರಿ ಹೊಸದು. ಬಟವಾಡೆಯಲ್ಲಿ ಎರಡು ರೂಪಾಯಿ ವ್ಯತ್ಯಾಸ ಬಂದರೆ ಆಗುವ ಜಗಳ ನಿಮಗೇ ಗೊತ್ತು.

ಪೂಲ್ 100 ಮಾಡಿದ್ದು ಸೋರುವ ಹಂಡೆಗೆ ದೊಡ್ಡ ನಲ್ಲಿ ಇಟ್ಟ ಹಾಗಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಒಟ್ಟು ಕನೆಕ್ಷನ್ ಮಿತಿಯ ಡೀಫಾಲ್ಟೇ 100. ನಿಮ್ಮ ಆ್ಯಪ್ ಎರಡು ಕಡೆ ಓಡುತ್ತಿದ್ದರೆ ಎರಡೂ ಸೇರಿ 200 ಕೇಳುತ್ತವೆ, ಕೊಡೋಕೆ ಅಲ್ಲಿ ಇಲ್ಲವೇ ಇಲ್ಲ.

ಸರಿ, ದಾರಿ ಏನು? ಒಂದೇ ಒಂದು ಮಂತ್ರ ಇಲ್ಲ, ಸ್ಕ್ರೀನ್ ನೋಡಿ ಆರಿಸಬೇಕು.

ಬಟವಾಡೆ ಪಟ್ಟಿಯಂಥದ್ದಕ್ಕೆ ಎಂಟಿಟಿಯೇ ಬೇಡ. ಅಲ್ಲಿ ತೋರಿಸುವುದು ಏನು? ಸದಸ್ಯರ ಕೋಡ್, ಹೆಸರು, ಒಟ್ಟು ಲೀಟರ್, ಹಾಲಿನ ಮೊತ್ತ, ಕಡಿತ, ಕೈಗೆ ಬರುವ ಹಣ. ಹದಿನೈದು ದಿನ, ದಿನಕ್ಕೆ ಎರಡು ಹೊತ್ತು ಅಂದರೆ ಒಬ್ಬರಿಗೆ 30 ಎಂಟ್ರಿ, ಸಂಘಕ್ಕೆ 7200 ಸಾಲು. ಅಷ್ಟನ್ನೂ ಜಾವಾಗೆ ತಂದು ಅಲ್ಲಿ ಕೂಡಿಸುವ ಬದಲು ಡೇಟಾಬೇಸ್‌ನಲ್ಲೇ ಗ್ರೂಪ್-ಬೈ ಹಾಕಿ ಕೂಡಿಸಿ, 240 ಸಾಲನ್ನು ನೇರವಾಗಿ ಒಂದು ಡಿಟಿಒಗೆ (ಬರೀ ಡೇಟಾ ಹೊರುವ ಸರಳ ಕ್ಲಾಸ್) ತನ್ನಿ. ಡಿಟಿಒದಲ್ಲಿ ಕವರ್ ಇಲ್ಲ, ಎಕ್ಸೆಪ್ಶನ್ ಬರುವ ಪ್ರಶ್ನೆಯೇ ಇಲ್ಲ. ಒಂದು ಎಚ್ಚರಿಕೆ ಮಾತ್ರ: ಹಾಲಿನ ಎಂಟ್ರಿ ಮತ್ತು ಕಡಿತ ಎರಡನ್ನೂ ಒಂದೇ ಕ್ವೆರಿಯಲ್ಲಿ ಜಾಯಿನ್ ಮಾಡಿ ಕೂಡಿಸಬೇಡಿ. ಒಬ್ಬರಿಗೆ ಪಶು ಆಹಾರ, ಮುಂಗಡ ಅಂತ ನಾಲ್ಕು ಕಡಿತ ಇದ್ದರೆ ಪ್ರತಿ ಎಂಟ್ರಿ ನಾಲ್ಕು ಸಲ ಬಂದು ಹಾಲಿನ ಮೊತ್ತ ನಾಲ್ಕರಷ್ಟಾಗುತ್ತದೆ. ಕಡಿತವೂ 30 ಪಟ್ಟು ಆಗುತ್ತದೆ. ಎರಡು ಕ್ವೆರಿ ಬರೆಯಿರಿ, ಸದಸ್ಯರ ಕೋಡ್ ಮೇಲೆ ಜೋಡಿಸಿ. ಎರಡು ಕ್ವೆರಿ ತಪ್ಪಲ್ಲ, 481 ತಪ್ಪು.

ಒಬ್ಬ ಸದಸ್ಯನ ವಿವರ ತೆರೆದು ತಿದ್ದುವ ಸ್ಕ್ರೀನ್ ಇದ್ದರೆ ಅಲ್ಲಿ ಎಂಟಿಟಿಯೇ ಸರಿ. ಆ ಸ್ಕ್ರೀನ್‌ಗೆ ಅಂತಲೇ ಒಂದು ಕ್ವೆರಿ ಬರೆದು ಜಾಯಿನ್ ಫೆಚ್ (ಒಳಗಿನ ಪಟ್ಟಿಯನ್ನೂ ಅದೇ ಕ್ವೆರಿಯಲ್ಲಿ ತರುವುದು) ಹಾಕಿ, ಅಥವಾ ಎಂಟಿಟಿ ಗ್ರಾಫ್ ಕೊಡಿ. ಕೆಲಸ ಎರಡೂ ಒಂದೇ. ನಾನು ಜಾಯಿನ್ ಫೆಚ್ ಬಳಸುತ್ತೇನೆ, ಕ್ವೆರಿ ಓದಿದರೆ ಏನು ಬರುತ್ತದೆ ಅಂತ ಕಣ್ಣಿಗೆ ಕಾಣುತ್ತದೆ ಅನ್ನೋ ಒಂದೇ ಕಾರಣಕ್ಕೆ. ಎರಡು ಲಿಸ್ಟ್‌ಗಳನ್ನು ಒಟ್ಟಿಗೆ ಫೆಚ್ ಮಾಡಲು ಹೋದರೆ 'ಮಲ್ಟಿಪಲ್ ಬ್ಯಾಗ್' ಎಕ್ಸೆಪ್ಶನ್ ಬರುತ್ತದೆ. ಆಗ ಲಿಸ್ಟ್ ಅನ್ನು ಸೆಟ್ ಮಾಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಎರರ್ ಹೋಗುತ್ತದೆ ನಿಜ, ಗುಣಾಕಾರ ಹೋಗುವುದಿಲ್ಲ. 30 ಎಂಟ್ರಿ, 4 ಕಡಿತ ಸೇರಿ ಒಬ್ಬರಿಗೆ 120 ಸಾಲು ತಂತಿಯ ಮೇಲೆ ಬಂದೇ ಬರುತ್ತವೆ.

ಪುಟ ಪುಟವಾಗಿ ತೋರಿಸುವ ಪಟ್ಟಿಗೆ ಜಾಯಿನ್ ಫೆಚ್ ಹಾಕಿದರೆ ಇನ್ನೊಂದು ಬಲೆ. ಪುಟಕ್ಕೆ 20 ಸದಸ್ಯರು ಸಾಕು ಅಂತ ನೀವು ಕೇಳುತ್ತೀರಿ, ಕಲೆಕ್ಷನ್ ಜಾಯಿನ್ ಆಗಿರುವುದರಿಂದ ಡೇಟಾಬೇಸ್‌ಗೆ ಸಾಲು ಎಣಿಸಿ ಕತ್ತರಿಸೋಕೆ ಆಗದು, ಹಾಗಾಗಿ ಹೈಬರ್ನೇಟ್ ಎಲ್ಲವನ್ನೂ ಮೆಮೊರಿಗೆ ತಂದು ಅಲ್ಲಿ 20 ಎತ್ತಿಕೊಡುತ್ತದೆ. ಲಾಗ್‌ನಲ್ಲಿ ಒಂದು ವಾರ್ನಿಂಗ್ ಬರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಹೀಗಾದರೆ ನೇರವಾಗಿ ಎಕ್ಸೆಪ್ಶನ್ ಎಸೆಯುವಂತೆ ಮಾಡುವ ಸೆಟ್ಟಿಂಗ್ ಇದೆ, 'ಫೇಲ್ ಆನ್ ಪೇಜಿನೇಶನ್ ಓವರ್ ಕಲೆಕ್ಷನ್ ಫೆಚ್'. ಅದನ್ನು ಆನ್ ಮಾಡಿಡಿ. ಮೊದಲ ಕ್ವೆರಿಯಲ್ಲಿ 20 ಐಡಿ ತನ್ನಿ, ಎರಡನೆಯದರಲ್ಲಿ ಆ ಐಡಿಗಳ ವಿವರ ತನ್ನಿ.

ಇದೆಲ್ಲ ಮಾಡೋಕೆ ಸಮಯ ಇಲ್ಲದ ಸ್ಕ್ರೀನ್‌ಗಳಿಗೆ ಬ್ಯಾಚ್ ಫೆಚ್ ಇದೆ. ಡೀಫಾಲ್ಟ್ ಬ್ಯಾಚ್ ಫೆಚ್ ಸೈಜ್ 50 ಅಂತ ಒಂದು ಸಾಲು ಬರೆದರೆ, ಒಂದು ಕವರ್ ತೆರೆದಾಗ ಅದರ ಜತೆಯ 50 ಕವರ್‌ಗೂ ಸೇರಿಸಿ ಒಂದೇ ಕ್ವೆರಿ ಹೋಗುತ್ತದೆ. 240 ಕ್ವೆರಿ ಐದಾರಕ್ಕೆ ಇಳಿಯುತ್ತದೆ. ಅತಿ ಕಡಿಮೆ ಶ್ರಮಕ್ಕೆ ಅತಿ ಜಾಸ್ತಿ ಲಾಭ ಇದರದ್ದೇ, ಯಾಕೋ ಜನ ಇದನ್ನು ಮರೆಯುತ್ತಾರೆ. ಆದರೆ ಕವರ್ ತೆರೆಯುವಾಗ ಸೆಷನ್ ಬದುಕಿರಬೇಕು, ಅಂದರೆ ಸರ್ವಿಸ್ ಒಳಗೇ ತೆರೆಯಬೇಕು.

ಸರ್ವಿಸ್ ಅಂದೆ, ಅಲ್ಲೂ ಒಂದಿಷ್ಟು ಜನ ಎಡವುತ್ತಾರೆ. ಟ್ರಾನ್ಸಾಕ್ಷನಲ್ ಹಾಕಿದ ಮೆಥಡನ್ನು ಅದೇ ಕ್ಲಾಸ್‌ನ ಇನ್ನೊಂದು ಮೆಥಡ್ ಕರೆದರೆ ಟ್ರಾನ್ಸಾಕ್ಷನ್ ತೆರೆದುಕೊಡುವ ಸ್ಪ್ರಿಂಗ್ ಪ್ರಾಕ್ಸಿ ನಡುವೆ ಬರುವುದೇ ಇಲ್ಲ, ಟ್ರಾನ್ಸಾಕ್ಷನ್ ಶುರುವಾಗುವುದಿಲ್ಲ. ರೈತರಿಗೆ ಎಸ್ಸೆಮ್ಮೆಸ್ ಕಳಿಸುವ ಅಸಿಂಕ್ ಮೆಥಡ್‌ಗೆ ಎಂಟಿಟಿ ಕೊಟ್ಟರೆ ಅದು ಬೇರೆ ಥ್ರೆಡ್, ಅಲ್ಲಿ ಓಪನ್-ಇನ್-ವ್ಯೂ ಆನ್ ಇದ್ದರೂ ಸೆಷನ್ ಇಲ್ಲ. ಐಡಿ ಕೊಡಿ, ಅಥವಾ ಫೋನ್ ನಂಬರ್ ಮತ್ತು ಮೊತ್ತ ಮಾತ್ರ ಕೊಡಿ. ಗೆಟರ್, ಟು-ಸ್ಟ್ರಿಂಗ್ ಎಲ್ಲ ತಾನೇ ಬರೆದುಕೊಡುವ ಲೊಂಬೋಕ್‌ನ ಡೇಟಾ ಅನೋಟೇಶನ್ ಎಂಟಿಟಿ ಮೇಲೆ ಇದ್ದರೆ ತೆಗೆಯಿರಿ, ಸುಮ್ನೆ ಒಂದು ಲಾಗ್ ಸಾಲು ಟು-ಸ್ಟ್ರಿಂಗ್ ಕರೆದು ಇಡೀ ಪಟ್ಟಿ ಎಳೆದು ತರುತ್ತದೆ. ಡಿಬಗರ್ ತಾನೇ ಟು-ಸ್ಟ್ರಿಂಗ್ ಕರೆಯುವುದರಿಂದ, ಅದರಲ್ಲಿ ನಿಲ್ಲಿಸಿ ನೋಡಿದಾಗ ಎರರ್ ಮಾಯವಾಗಿ, ಓಡಿಸಿದರೆ ಮತ್ತೆ ಬರುವ ಭೂತವೂ ಇದೇ. ಹಾಗೆಯೇ ನಿಮ್ಮ ಟೆಸ್ಟ್‌ಗಳು ಇದನ್ನು ಯಾಕೆ ಹಿಡಿಯಲಿಲ್ಲ ಅಂತ ಅನಿಸಿದ್ದರೆ, ಟೆಸ್ಟ್ ಕ್ಲಾಸ್ ಮೇಲೆ ಟ್ರಾನ್ಸಾಕ್ಷನಲ್ ಇದೆಯಾ ನೋಡಿ. ಇದ್ದರೆ ಟೆಸ್ಟ್ ಮುಗಿಯುವ ತನಕ ಸೆಷನ್ ತೆರೆದೇ ಇರುತ್ತದೆ, ಎಕ್ಸೆಪ್ಶನ್ ಎಲ್ಲಿಂದ ಬರಬೇಕು?

ನಿಮ್ಮ ಲೀಡ್ ಮಾತಿಗೆ ಬರುತ್ತೇನೆ. ಅವರದು ಪೂರ್ತಿ ತಪ್ಪಲ್ಲ. ವರದಿ, ಪಟ್ಟಿಗಳಿಗೆ ನೇರ ಎಸ್‌ಕ್ಯೂಎಲ್ ಚೆಂದವೇ. ಆದರೆ ಮೂರು ವರ್ಷದ ಕೋಡ್ ಕಿತ್ತರೆ ಉಳಿಸಿ ತಿದ್ದುವ ಭಾಗ, ವರ್ಷನ್ ಚೆಕ್ (ಒಬ್ಬರ ತಿದ್ದುಪಡಿಯನ್ನು ಇನ್ನೊಬ್ಬರು ಅಳಿಸದಂತೆ ನೋಡುವುದು), ಎಲ್ಲ ಮತ್ತೆ ಕೈಯಲ್ಲಿ ಬರೆಯಬೇಕು. ಮೇಲಾಗಿ, ಲೂಪ್ ಒಳಗೆ ಕ್ವೆರಿ ಬರೆದು 241 ಸಲ ಡೇಟಾಬೇಸ್‌ಗೆ ಓಡುವ ಕೋಡನ್ನು ಹೈಬರ್ನೇಟ್ ಇಲ್ಲದ ಪ್ರಾಜೆಕ್ಟ್‌ಗಳಲ್ಲೂ ನಾನು ಬೇಕಾದಷ್ಟು ನೋಡಿದ್ದೇನೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ನಾಳೆಯೇ ನೋ-ಟ್ರಾನ್ಸ್ ತೆಗೆದು, ಓಪನ್-ಇನ್-ವ್ಯೂ ಅನ್ನು ಟ್ರೂ ಅಂತ ಬರೆದು ವಾಪಸ್ ತರುತ್ತಿದ್ದೆ, ಬ್ಯಾಚ್ ಸೈಜ್ 50 ಹಾಕುತ್ತಿದ್ದೆ. ಇದು ಸೋಲಲ್ಲ, ಎರಡು ಕೆಟ್ಟದರಲ್ಲಿ ಕಡಿಮೆ ಕೆಟ್ಟದ್ದು. ಆಮೇಲೆ ಹೈಬರ್ನೇಟ್‌ನ ಸ್ಟ್ಯಾಟಿಸ್ಟಿಕ್ಸ್ ಆನ್ ಮಾಡಿ, ಆ 14 ಸ್ಕ್ರೀನ್‌ಗಳಲ್ಲಿ ಒಂದೊಂದಕ್ಕೆ ಎಷ್ಟು ಕ್ವೆರಿ ಓಡುತ್ತದೆ ಅಂತ ಕಾಗದದ ಮೇಲೆ ಬರೆದುಕೊಂಡು, ಜಾಸ್ತಿ ಇರುವುದರಿಂದ ಶುರು. ಮೂರು ನಾಲ್ಕು ಸ್ಕ್ರೀನ್ ಸರಿಯಾದ ಮೇಲೆ ಓಪನ್-ಇನ್-ವ್ಯೂ ಫಾಲ್ಸ್ ಮಾಡಿ, ಇನ್ನೂ ಮುಟ್ಟದ ಹಳೆಯ ಪುಟಗಳ ಯುಆರ್‌ಎಲ್‌ಗೆ ಮಾತ್ರ 'ಓಪನ್ ಎಂಟಿಟಿ ಮ್ಯಾನೇಜರ್ ಇನ್ ವ್ಯೂ' ಇಂಟರ್‌ಸೆಪ್ಟರನ್ನು ಕೈಯಾರೆ ನೋಂದಾಯಿಸಿ. ಎಂವಿಸಿ ಕಾನ್ಫಿಗ್‌ನಲ್ಲಿ ಪಾತ್ ಪ್ಯಾಟರ್ನ್ ಕೊಟ್ಟರೆ ಆಯಿತು. ಒಂದೊಂದು ಸ್ಕ್ರೀನ್ ಸರಿಹೋದಂತೆ ಪಟ್ಟಿಯಿಂದ ಒಂದೊಂದು ಪಾತ್ ಅಳಿಸುತ್ತಾ ಹೋಗಿ. ಹದಿನಾಲ್ಕೂ ಒಂದೇ ರಾತ್ರಿ ಬೀಳುವ ಭಯ ಇರುವುದಿಲ್ಲ.

ಪೂಲನ್ನು 10ಕ್ಕೆ, ಹೆಚ್ಚೆಂದರೆ 20ಕ್ಕೆ ಇಳಿಸಿ, ಕನೆಕ್ಷನ್ ಜಾಸ್ತಿ ಹೊತ್ತು ವಾಪಸ್ ಬರದಿದ್ದರೆ ಎಚ್ಚರಿಸುವ ಹಿಕಾರಿಯ ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್ ಅನ್ನು ಕೆಲವು ಸೆಕೆಂಡ್‌ಗೆ ಇಡಿ. ಆಮೇಲೂ ಬೆಳಿಗ್ಗೆ ಆರೂವರೆಗೆ ಅದೇ ಎರರ್ ಬಂದರೆ ರೀಸ್ಟಾರ್ಟ್ ಮಾಡೋಕೆ ಮುಂಚೆ ಒಂದು ಥ್ರೆಡ್ ಡಂಪ್ (ಆ ಕ್ಷಣ ಯಾವ ಥ್ರೆಡ್ ಎಲ್ಲಿದೆ ಅನ್ನುವ ಪಟ್ಟಿ) ತೆಗೆದುಕೊಳ್ಳಿ. ಕನೆಕ್ಷನ್ ಹಿಡಿದು ಕೂತಿರುವ ಮೆಥಡ್‌ನ ಹೆಸರು ಅದರಲ್ಲೇ ಇರುತ್ತದೆ. ಎಸ್ಸೆಮ್ಮೆಸ್ ಗೇಟ್‌ವೇ ಇರಬಹುದು ಅನ್ನುವುದು ನನ್ನ ಗುಮಾನಿ.